‘ಕಂಪ್ಲೇಂಟ್ ಬೇಡ, ಖರ್ಚು ನಾನು ನೋಡ್ಕೋತೀನಿ’ ಅಂದ ಮೇಲೆ

ದಾವಣಗೆರೆ ಹೊರವಲಯ, ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆ, ಸಂಜೆ ಏಳರ ಹೊತ್ತು. ಸೈಕಲ್ ತಳ್ಳಿಕೊಂಡು ಬರುತ್ತಿದ್ದ ನಮ್ಮ ಸೋದರಮಾವನಿಗೆ ಹಿಂದಿನಿಂದ ಒಂದು ಕಾರು ಗುದ್ದಿತು. ಕಾರಿನವರು ಕೆಟ್ಟವರೇನಲ್ಲ. ಓಡಿಹೋಗಲಿಲ್ಲ, ತಾವೇ ಎತ್ತಿ ಕಾರಿಗೆ ಹಾಕಿಕೊಂಡು ಒಂದು ನರ್ಸಿಂಗ್ ಹೋಮ್‌ಗೆ ಸೇರಿಸಿದರು. ನಾವು ಹೋಗುವಷ್ಟರಲ್ಲಿ ಟೀ ತರಿಸಿಟ್ಟಿದ್ದರು. ‘ಕಂಪ್ಲೇಂಟ್ ಎಲ್ಲ ಬೇಡ ಯಜಮಾನ್ರೇ, ಖರ್ಚು ನಾನು ನೋಡ್ಕೋತೀನಿ’ ಅಂದರು. ಮಾವನಿಗೂ ಅದೇ ಸರಿ ಅನ್ನಿಸಿತು. ಸ್ಟೇಷನ್ನು, ಕೋರ್ಟು ಯಾರಿಗೆ ಬೇಕು, ಅಲ್ವಾ?

ಹನ್ನೆರಡು ಸಾವಿರ ಕೊಟ್ಟರು. ಎರಡು ತಿಂಗಳು ಕಳೆದರೂ ಮಾವನ ಮೊಣಕಾಲು ಮಡಚಲಿಕ್ಕೆ ಬರಲಿಲ್ಲ. ಇನ್ನೊಂದು ಆಪರೇಷನ್ ಆಗಬೇಕು ಅಂದರು ಡಾಕ್ಟರ್. ಕಾರಿನವರಿಗೆ ಫೋನ್ ಮಾಡಿದೆವು. ಮೊದಲೆರಡು ಸಲ ಎತ್ತಿದರು, ಆಮೇಲೆ ಎತ್ತಲಿಲ್ಲ.

ಇದರಲ್ಲಿ ನನಗೆ ಜಾಸ್ತಿ ಹೊಟ್ಟೆ ಉರಿಸಿದ ಸಂಗತಿ ಆಮೇಲೆ ಗೊತ್ತಾಯಿತು. ಆ ಕಾರಿಗೆ ಇನ್ಶೂರೆನ್ಸ್ ಚಾಲ್ತಿಯಲ್ಲಿತ್ತು. ಅಂದರೆ ಪರಿಹಾರದ ಹಣ ಆ ಮನುಷ್ಯನ ಜೇಬಿನಿಂದ ಹೋಗಬೇಕಾಗಿಯೇ ಇರಲಿಲ್ಲ. ನಾವು ದಾಕ್ಷಿಣ್ಯಕ್ಕೆ ಬಿದ್ದು ಉಳಿಸಿಕೊಟ್ಟಿದ್ದು ಅವರ ದುಡ್ಡನ್ನಲ್ಲ, ವಿಮಾ ಕಂಪನಿಯ ದುಡ್ಡನ್ನು.

‘ಥರ್ಡ್ ಪಾರ್ಟಿ’ ಎಂಬ ಮಾತನ್ನು ನಾವೆಲ್ಲ ಬೈಕಿನ ಕಾಗದ ಮಾಡಿಸುವಾಗ ಕೇಳಿರುತ್ತೇವೆ. ಪೊಲೀಸರ ದಂಡ ತಪ್ಪಿಸಿಕೊಳ್ಳುವ ಕಾಗದ ಅಂತಲೇ ಬಹಳ ಮಂದಿಯ ಲೆಕ್ಕ. ಆದರೆ ಈ ಥರ್ಡ್ ಪಾರ್ಟಿ ಯಾರು? ವಾಹನದ ಮಾಲೀಕ ಮೊದಲನೆಯವನು, ವಿಮಾ ಕಂಪನಿ ಎರಡನೆಯದು. ಆ ವಾಹನ ಗುದ್ದಿ ರಸ್ತೆಯಲ್ಲಿ ಬೀಳುವವನು ಮೂರನೆಯವನು. 1988ರ ಮೋಟಾರು ವಾಹನ ಕಾಯ್ದೆ ಈ ವಿಮೆಯನ್ನು ಕಡ್ಡಾಯ ಮಾಡಿರುವುದೇ ಅವನಿಗಾಗಿ. ಗುದ್ದಿದವನು ಬಡವನಾಗಿದ್ದರೂ ಪೆಟ್ಟು ತಿಂದವನಿಗೆ ಹಣ ಸಿಗಲಿ ಎಂದು. ಮೂರನೆಯವರಿಗೆ ಪರಿಹಾರ ಕೊಟ್ಟರೆ ಮಾಲೀಕರ ನೋ ಕ್ಲೇಮ್ ಬೋನಸ್ಸೂ (ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುವುದಿಲ್ಲ. ಅದು ಸ್ವಂತ ಗಾಡಿಯ ರಿಪೇರಿಗೆ ಸಂಬಂಧಪಟ್ಟ ಲೆಕ್ಕ.

ಹಾಗಾದರೆ ಕಾರಿನವರಿಗೆ ಭಯ ಯಾವುದರದ್ದು? ಕ್ರಿಮಿನಲ್ ಕೇಸಿನದ್ದು. ಅಜಾಗರೂಕ ಚಾಲನೆಗೆ ಈಗ ಭಾರತೀಯ ನ್ಯಾಯ ಸಂಹಿತೆಯ 281, 125ನೇ ಸೆಕ್ಷನ್‌ಗಳು ಬೀಳುತ್ತವೆ. ಗಾಯದ ಪ್ರಕರಣಗಳಲ್ಲಿ ಚಾಲಕ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೋಗುವುದನ್ನು ಕೋರ್ಟಿನ ವರಾಂಡದಲ್ಲಿ ನಿಂತವರೆಲ್ಲ ನೋಡಿರುತ್ತಾರೆ. ಅವರ ಭಯ ನಿಜ, ಇಲ್ಲ ಅನ್ನುವುದಿಲ್ಲ. ಆದರೆ ಆ ಭಯದ ಬೆಲೆಯನ್ನು ಮುರಿದ ಕಾಲಿನವನು ಕಟ್ಟಬೇಕೇ?

ತಪ್ಪು ನಿಮ್ಮದಲ್ಲ, ಸರಿ. ಕಾಗದ ಏನು ಹೇಳುತ್ತದೆ?

ಅಪಘಾತ ಪರಿಹಾರದ ಕೇಸು ನಡೆಯುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. ವಕೀಲರ ಬಾಯಲ್ಲಿ ಇದು ಎಂಎಸಿಟಿ, ಕೇಸಿಗೆ ಎಂವಿಸಿ ನಂಬರ್. ಬೇರೆ ಕಟ್ಟಡವೇನೂ ಇಲ್ಲ. ದಾವಣಗೆರೆ, ಚಿತ್ರದುರ್ಗದ ಕೋರ್ಟುಗಳಲ್ಲಿ ಜಿಲ್ಲಾ ನ್ಯಾಯಾಧೀಶರು, ಹಿರಿಯ ಸಿವಿಲ್ ನ್ಯಾಯಾಧೀಶರೇ ಈ ಕೆಲಸವನ್ನೂ ನೋಡುತ್ತಾರೆ. ಅಪಘಾತ ಎಲ್ಲಿ ಆಯಿತೋ ಅಲ್ಲೇ ಅರ್ಜಿ ಹಾಕಬೇಕೆಂದಿಲ್ಲ. ಚಳ್ಳಕೆರೆಯ ಹುಡುಗನಿಗೆ ಬೆಂಗಳೂರಿನ ಪೀಣ್ಯದಲ್ಲಿ ಲಾರಿ ಗುದ್ದಿದರೆ ತನ್ನ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಊರುಗೋಲು ಹಿಡಿದು ಬೆಂಗಳೂರಿಗೆ ಓಡಾಡುವುದು ಎಷ್ಟು ಕಷ್ಟ ಅಂತ ಗೊತ್ತಿರುವವರಿಗೆ ಇದು ಸಣ್ಣ ಅನುಕೂಲ ಅಲ್ಲ.

ಈ ನ್ಯಾಯಮಂಡಳಿಯಲ್ಲಿ ಕೊಲೆ ಕೇಸಿನ ಹಾಗೆ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ. ಹೀಗೆ ನಡೆದಿರುವ ಸಾಧ್ಯತೆಯೇ ಹೆಚ್ಚು ಎಂದು ತೋರಿಸಿದರೆ ಸಾಕು. ಕ್ರಿಮಿನಲ್ ಕೋರ್ಟಿನಲ್ಲಿ ಚಾಲಕ ಖುಲಾಸೆ ಆದರೂ ಪರಿಹಾರದ ಅರ್ಜಿ ಅಷ್ಟಕ್ಕೇ ಬಿದ್ದುಹೋಗುವುದಿಲ್ಲ. ಇಷ್ಟು ಸಡಿಲ ಇದ್ದೂ ಕೇಸುಗಳು ಯಾಕೆ ಸೋಲುತ್ತವೆ? ಮೊದಲ ಎರಡು ದಿನದ ಕಾಗದಗಳಿಂದ.

ಮಾವನ ಕೇಸನ್ನೇ ನೋಡಿ. ಮೂರನೇ ತಿಂಗಳಲ್ಲಿ ಕೊನೆಗೂ ದೂರು ಕೊಡುವುದೆಂದು ನಿರ್ಧಾರ ಮಾಡಿ ನರ್ಸಿಂಗ್ ಹೋಮ್‌ನಿಂದ ಕೇಸ್ ಶೀಟ್ ತೆಗೆಸಿದೆವು. ಗಾಯ ಹೇಗಾಯಿತು ಎಂಬ ಕಡೆ ಒಂದೇ ಸಾಲು: ಸೈಕಲ್‌ನಿಂದ ಜಾರಿ ಬಿದ್ದು. ಬರೆಸಿದ್ದು ಯಾರು? ಸೇರಿಸಿದವರು. ಮಾವ ಆಗ ನೋವಿನಲ್ಲಿ ಅರೆಪ್ರಜ್ಞೆಯಲ್ಲಿದ್ದರು. ಡ್ಯೂಟಿ ಡಾಕ್ಟರ್ ಕೇಳಿದ್ದನ್ನು ಬರೆದುಕೊಂಡರು. ಇಂಥ ಗಾಯವನ್ನು ಆಸ್ಪತ್ರೆಯವರು ದಾಖಲಿಸಿ ಪೊಲೀಸರಿಗೆ ತಿಳಿಸುವ ಎಂಎಲ್‌ಸಿಯೂ (ಮೆಡಿಕೊ ಲೀಗಲ್ ಕೇಸ್) ಆಗಲಿಲ್ಲ. ವಿಮಾ ಕಂಪನಿಯ ವಕೀಲರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಬೇಕಿಲ್ಲ.

ದೂರು ತಡವಾಯಿತು ಎಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನಮ್ಮಲ್ಲಿ ಮನುಷ್ಯ ಮೊದಲು ಆಸ್ಪತ್ರೆ ನೋಡಿಕೊಳ್ಳುತ್ತಾನೆ, ಸ್ಟೇಷನ್ ಆಮೇಲೆ ಎಂಬುದನ್ನು ನ್ಯಾಯಮೂರ್ತಿಗಳು ಒಪ್ಪಿಕೊಂಡಿದ್ದಾರೆ. ಆದರೆ ತಡ ಒಂದು ಕಡೆ, ‘ಜಾರಿ ಬಿದ್ದು’ ಇನ್ನೊಂದು ಕಡೆ ಸೇರಿದರೆ ಕಥೆ ಬೇರೆ. ತಾನೇ ಬಿದ್ದವನು ಪರಿಚಯದವರ ಗಾಡಿಯ ನಂಬರ್ ಕೊಟ್ಟು ಕ್ಲೇಮ್ ಹಾಕುವ ಮೋಸ ಇದ್ದೇ ಇದೆ. ಅದಕ್ಕೇ ಇಂಥ ಕಾಗದ ಕಂಡರೆ ನ್ಯಾಯಮಂಡಳಿಗಳು ಅನುಮಾನ ಪಡುತ್ತವೆ. ಮೋಸ ಮಾಡಿದವರು ಯಾರೋ, ಅನುಮಾನ ಬೀಳುವುದು ನಮ್ಮ ಮಾವನಂಥವರ ಮೇಲೆ.

ಆದ್ದರಿಂದ ಆಸ್ಪತ್ರೆಗೆ ಹೋದ ನಮ್ಮವರು ಮೊದಲು ಕೇಳಬೇಕಾದ್ದು ಇದು: ‘ಡಾಕ್ಟ್ರೇ, ಹೇಗಾಯ್ತು ಅಂತ ಏನು ಬರೆದಿದ್ದೀರಿ?’ ಗುದ್ದಿದ ವಾಹನ, ಸಾಧ್ಯವಾದರೆ ಅದರ ನಂಬರ್ ಅಲ್ಲಿ ಇರಲಿ. ಎಂಎಲ್‌ಸಿ ಆಗಲಿ. ಎಫ್‌ಐಆರ್ ಬಿದ್ದ ಮೇಲೆ ಉಳಿದ ಕಾಗದಗಳು ತಾವಾಗಿಯೇ ಹುಟ್ಟುತ್ತವೆ. ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ಕೊನೆಗೆ ಚಾರ್ಜ್‌ಶೀಟ್. ಔಷಧಿ ಚೀಟಿ, ಆಟೊ ಬಾಡಿಗೆ ಚೀಟಿ ಯಾವುದನ್ನೂ ಎಸೆಯಬಾರದು. ಎಕ್ಸ್‌ರೇ ಹಾಳೆಯನ್ನು ಮಕ್ಕಳು ಗ್ರಹಣ ನೋಡಲಿಕ್ಕೆ ಒಯ್ಯದ ಹಾಗೆ ಎತ್ತಿಡಿ.

ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಿಂದಾಗಿ 2022ರ ಏಪ್ರಿಲ್ 1ರಿಂದ ನಿಯಮಗಳು ಬದಲಾಗಿವೆ. ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು, 90 ದಿನದೊಳಗೆ ವಿವರವಾದ ವರದಿಯನ್ನು ನ್ಯಾಯಮಂಡಳಿಗೆ ಕೊಡಬೇಕು. ಅದನ್ನೇ ಪರಿಹಾರದ ಅರ್ಜಿ ಎಂದು ಪರಿಗಣಿಸಲಿಕ್ಕೂ ಅವಕಾಶ ಇದೆ. ವಿಮಾ ಕಂಪನಿ ಒಬ್ಬ ಅಧಿಕಾರಿಯನ್ನು ನೇಮಿಸಿ, ತಾನಾಗಿಯೇ ಇಷ್ಟು ಕೊಡುತ್ತೇನೆ ಎಂದು ಮುಂದೆ ಬರಬೇಕು. ಕಾಗದದ ಮೇಲೆ ತುಂಬಾ ಚೆನ್ನಾಗಿದೆ. ಆದರೆ ‘ಪೊಲೀಸರು ಕಳಿಸಿರುತ್ತಾರೆ ಬಿಡು’ ಅಂತ ಸುಮ್ನೆ ಕೂರಬೇಡಿ. ಯಾಕೆಂದರೆ ಅದೇ ತಿದ್ದುಪಡಿ ಒಂದು ಗಡುವನ್ನೂ ತಂದಿದೆ. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು.

ಈ ಗಡುವಿನ ಚರಿತ್ರೆ ವಿಚಿತ್ರ. 1988ರ ಕಾಯ್ದೆಯಲ್ಲಿ ಆರು ತಿಂಗಳು ಅಂತಲೇ ಇತ್ತು. ಹಳ್ಳಿಗಾಡಿನ ಜನರಿಗೆ ಅನ್ಯಾಯವಾಗುತ್ತದೆ ಎಂಬ ಕೂಗಿಗೆ 1994ರಲ್ಲಿ ತೆಗೆದರು. 2019ರ ತಿದ್ದುಪಡಿಯಲ್ಲಿ ಮತ್ತೆ ತಂದರು. ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನಲ್ಲಿವೆ. ಗಡುವು ಮೀರಿದೆ ಎಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಅದು ಮಧ್ಯಂತರ ಆದೇಶ ಕೊಟ್ಟಿತು. ಮಧ್ಯಂತರ ಆದೇಶ ಅಂದರೆ ತಾತ್ಕಾಲಿಕ ಚಪ್ಪರ. ಅದರ ಕೆಳಗೆ ಮನೆ ಕಟ್ಟಬಾರದು. ಕಾಲು ಮುರಿದವನಿಗೆ ಎದ್ದು ಓಡಾಡಲಿಕ್ಕೇ ಆರು ತಿಂಗಳು ಬೇಕು ಎಂಬುದು ಕಾನೂನು ಬರೆದವರಿಗೆ ಯಾಕೆ ಹೊಳೆಯಲಿಲ್ಲವೋ.

ಒಂದು ಕಾಲಿಗೆ ಎಷ್ಟು?

ಇಲ್ಲಿಂದ ಲೆಕ್ಕ ಶುರು. ಪೆಟ್ಟು ಬಿದ್ದವರು ಸರಿಯಾಗಿ ತಿಳಿದುಕೊಳ್ಳಬೇಕಾದ್ದೂ ಇದನ್ನೇ.

ಪರಿಹಾರದಲ್ಲಿ ಹಲವು ತಲೆಬರಹಗಳು ಇರುತ್ತವೆ. ಆಸ್ಪತ್ರೆ ಖರ್ಚು, ಓಡಾಟ, ಪೌಷ್ಟಿಕ ಆಹಾರ, ಮಲಗಿದ್ದ ತಿಂಗಳುಗಳ ಕೂಲಿ, ನೋವಿಗೆ ಒಂದಷ್ಟು, ಬದುಕಿನ ಸುಖ ಕಳೆದುಕೊಂಡದ್ದಕ್ಕೆ ಒಂದಷ್ಟು, ಮುಂದಿನ ಚಿಕಿತ್ಸೆಗೆ ಒಂದಷ್ಟು. ಶಾಶ್ವತ ಊನ ಆದಾಗ ದೊಡ್ಡ ಮೊತ್ತ ಬರುವುದು ‘ಮುಂದಿನ ದುಡಿಮೆಯ ನಷ್ಟ’ದಲ್ಲಿ. ಅದರ ಸೂತ್ರ ಸರಳ: ವರ್ಷದ ಆದಾಯ, ಗುಣಿಸು ವಯಸ್ಸಿನ ಗುಣಕ, ಗುಣಿಸು ದುಡಿಮೆ ಎಷ್ಟು ಶೇಕಡ ಹೋಯಿತೋ ಅದು. ಗುಣಕದ ಪಟ್ಟಿ ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನದ್ದು. 25 ವರ್ಷದವರೆಗೆ 18, 31ರಿಂದ 35ಕ್ಕೆ 16, 46ರಿಂದ 50ಕ್ಕೆ 13, ಹೀಗೆ ಇಳಿಯುತ್ತಾ 65 ದಾಟಿದವರಿಗೆ 5.

ಒಂದು ಕಲ್ಪನೆಯ ಉದಾಹರಣೆ ಇಟ್ಟುಕೊಳ್ಳೋಣ. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲಿ, ವಯಸ್ಸು 34. ತಿಂಗಳಿಗೆ 15 ಸಾವಿರ ಆದಾಯ ಎಂದು ನ್ಯಾಯಮಂಡಳಿ ಒಪ್ಪಿತು ಅನ್ನಿ. ಲಾರಿ ಗುದ್ದಿ ಬಲಗಾಲು ಮುರಿಯಿತು. ಕಾಲಿಗೆ ಶೇ 36ರಷ್ಟು ಊನ ಅಂತ ಡಾಕ್ಟರ್ ಬರೆದರು. ನಮ್ಮ ರಾಜ್ಯದ ಕೋರ್ಟುಗಳಲ್ಲಿ ಒಂದು ರೂಢಿ ಇದೆ. ಒಂದು ಅಂಗದ ಊನದ ಮೂರನೇ ಒಂದು ಭಾಗವನ್ನು ಇಡೀ ದೇಹದ ಊನ ಎಂದು ಹಿಡಿಯುತ್ತಾರೆ. 36 ಹೋಗಿ 12 ಆಯಿತು. ವರ್ಷಕ್ಕೆ 1.80 ಲಕ್ಷ, ಗುಣಕ 16, ಅದರಲ್ಲಿ ಶೇ 12 ಅಂದರೆ 3,45,600 ರೂಪಾಯಿ.

ಈಗ ನೀವೇ ಹೇಳಿ. ಕಾಲು ಮಡಚಲಾಗದ ಹಮಾಲಿ ತನ್ನ ದುಡಿಮೆಯ ಶೇ 12ನ್ನು ಮಾತ್ರ ಕಳೆದುಕೊಂಡನೇ? ಚೀಲ ಹೊರುವವನಿಗೆ ಮೊಣಕಾಲೇ ಬಂಡವಾಳ. ಊನ ಎಷ್ಟು ಎಂಬುದು ಮುಖ್ಯವಲ್ಲ, ಆ ಊನದಿಂದ ಆ ಮನುಷ್ಯನ ಕಸುಬು ಎಷ್ಟು ಹೋಯಿತು ಎಂಬುದು ಮುಖ್ಯ ಎಂದು ಸುಪ್ರೀಂ ಕೋರ್ಟ್ 2010ರ ಒಂದು ತೀರ್ಪಿನಲ್ಲಿ ಬಿಡಿಸಿ ಹೇಳಿದೆ. ಅಲ್ಲಿ ಕೊಟ್ಟ ಹೋಲಿಕೆಯೇ ಸಾಕು. ಎಡಗೈ ಹೋದರೆ ಬಡಗಿಗೋ ಚಾಲಕನಿಗೋ ಹೆಚ್ಚುಕಡಿಮೆ ನೂರಕ್ಕೆ ನೂರು ದುಡಿಮೆ ಹೋದಂತೆ. ಅದೇ ಕೈ ಸರ್ಕಾರಿ ಗುಮಾಸ್ತನದ್ದಾದರೆ ಕೆಲಸ ಉಳಿಯಬಹುದು. ನಮ್ಮ ಹಮಾಲಿಯ ನಷ್ಟ ಶೇ 40 ಎಂದು ನ್ಯಾಯಮಂಡಳಿಗೆ ಮನವರಿಕೆಯಾದರೆ ಮೊತ್ತ 11,52,000 ಆಗುತ್ತದೆ. ಕಾಲು ಅದೇ, ಮನುಷ್ಯ ಅವನೇ.

ಇದರ ಮೇಲೆ ಇನ್ನೊಂದು ಇದೆ. 2017ರ ಪ್ರಣಯ್ ಸೇಠಿ ತೀರ್ಪಿನ ಪ್ರಕಾರ ಸ್ವಂತ ದುಡಿಮೆಯ, 40ರೊಳಗಿನವರಿಗೆ ಆದಾಯಕ್ಕೆ ಶೇ 40 ಸೇರಿಸಬೇಕು. ಮುಂದೆ ಆದಾಯ ಏರುತ್ತಿತ್ತು ಎಂಬ ಲೆಕ್ಕ. ಅದು ಸಾವಿನ ಪ್ರಕರಣ. ಗಾಯದ ಪ್ರಕರಣದಲ್ಲೂ ಇದನ್ನು ಕೊಡಬೇಕು ಎಂದು 2020ರಲ್ಲಿ ಕೈ ಕಳೆದುಕೊಂಡ ಟೈಪಿಸ್ಟ್ ಒಬ್ಬರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದನ್ನೂ ಸೇರಿಸಿದರೆ ನಮ್ಮ ಹಮಾಲಿಗೆ 16,12,800. ಮೂರೂವರೆ ಲಕ್ಷ ಎಲ್ಲಿ, ಹದಿನಾರು ಲಕ್ಷ ಎಲ್ಲಿ! ನಡುವೆ ಇರುವುದು ಚಿಕಿತ್ಸೆ ಕೊಟ್ಟ ಡಾಕ್ಟರ್ ಕಟಕಟೆಗೆ ಬಂದು ‘ಇವರು ಇನ್ನು ಭಾರ ಹೊರಲಾರರು’ ಅಂತ ಹೇಳಿದರೋ ಇಲ್ಲವೋ ಎಂಬುದು. ಚಿಕಿತ್ಸೆಯನ್ನೇ ಕೊಡದ, ಸರ್ಟಿಫಿಕೇಟ್ ಮಾತ್ರ ಬರೆದ ಡಾಕ್ಟರ ಮಾತಿಗೆ ಕೋರ್ಟಿನಲ್ಲಿ ಅಷ್ಟು ತೂಕ ಇಲ್ಲ.

ಆದಾಯದ ದಾಖಲೆ ಎಲ್ಲಿಂದ ತರೋದು ಅಂತ ಎಲ್ಲರೂ ಕೇಳುತ್ತಾರೆ. ಮಂಡಕ್ಕಿ ಭಟ್ಟಿಯ ಹೆಂಗಸಿಗೆ ಯಾರು ಸ್ಯಾಲರಿ ಸ್ಲಿಪ್ ಕೊಡುತ್ತಾರೆ? ಕರ್ನಾಟಕದ ಒಬ್ಬ ಕೂಲಿ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಈ ಕಷ್ಟವನ್ನು ಒಪ್ಪಿತು. ಕೂಲಿಯವನಿಂದ ದಾಖಲೆ ನಿರೀಕ್ಷಿಸಲಾಗದು, ಅವನು ಹೇಳಿದ ತಿಂಗಳಿಗೆ 4,500 ರೂಪಾಯಿ ನಂಬುವಂಥದ್ದೇ ಅಂದಿತು. ದಾಖಲೆ ಇಲ್ಲದವರಿಗೆ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಲೋಕ ಅದಾಲತ್‌ಗಾಗಿ ಮಾಡಿಟ್ಟ ವರ್ಷವಾರು ಆದಾಯದ ಪಟ್ಟಿಯನ್ನೇ ಹೈಕೋರ್ಟೂ ಬಳಸುತ್ತದೆ. ಗಮನಿಸಿ, ಅಪಘಾತವಾದ ವರ್ಷದ ಆದಾಯ ಅದು, ತೀರ್ಪು ಬಂದ ವರ್ಷದ್ದಲ್ಲ. ಮನೆಯಲ್ಲೇ ದುಡಿಯುವ ಗೃಹಿಣಿಗೂ ಆದಾಯ ಲೆಕ್ಕ ಹಾಕಬೇಕು ಎಂದು 2021ರಲ್ಲಿ ಮತ್ತೆ ಹೇಳಿಯಾಗಿದೆ. ಆದರೂ ಆ ಪಟ್ಟಿ ಕನಿಷ್ಠದ ಲೆಕ್ಕ. ಹಮಾಲಿ ಲೈಸೆನ್ಸ್, ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇಯಲ್ಲಿ ಬಂದ ಕೂಲಿ, ಯಾವುದಿದ್ದರೂ ತೋರಿಸಿ.

ಟ್ರ್ಯಾಕ್ಟರ್ ಟ್ರೈಲರ್‌ನಲ್ಲಿ ಕೂತವರು

ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಿಗೆ ಜಾಸ್ತಿ ಸಂಬಂಧಪಟ್ಟ ಒಂದು ಗಂಡಾಂತರ ಇದೆ. ಕಳೆ ಕೀಳಲಿಕ್ಕೆ, ಮದುವೆಗೆ, ಜಾತ್ರೆಗೆ ಟ್ರ್ಯಾಕ್ಟರ್ ಟ್ರೈಲರ್‌ನಲ್ಲಿ, ಗೂಡ್ಸ್ ಗಾಡಿಯಲ್ಲಿ ಮೂವತ್ತು ಮಂದಿ ಕೂತು ಹೋಗುವುದು. ಗಾಡಿ ಮಗುಚಿದರೆ ಅವರ ತಪ್ಪೇನೂ ಇಲ್ಲ. ಆದರೆ ಸರಕು ವಾಹನದಲ್ಲಿ ಸುಮ್ಮನೆ ಕೂತು ಹೋಗುವವರ ಹೊಣೆ ವಿಮಾ ಕಂಪನಿಯದ್ದಲ್ಲ ಎಂದು ಸುಪ್ರೀಂ ಕೋರ್ಟ್ ಎರಡು ದಶಕದ ಹಿಂದೆಯೇ ಹೇಳಿಬಿಟ್ಟಿದೆ. ತನ್ನ ಮಾಲಿನ ಜೊತೆ ಹೋಗುವ ಮಾಲೀಕನಿಗೆ ರಕ್ಷಣೆ ಉಂಟು, ಮದುವೆ ದಿಬ್ಬಣಕ್ಕೆ ಇಲ್ಲ. ಆಗ ಹಣ ಬರಬೇಕಾದ್ದು ಟ್ರ್ಯಾಕ್ಟರ್ ಮಾಲೀಕನಿಂದ. ಅವನೋ ಎರಡೆಕರೆ ರೈತ, ಅದೂ ನಿಮ್ಮ ದಾಯಾದಿ! ಆದೇಶ ಗೆದ್ದರೂ ಮನೆ ಒಡೆಯುತ್ತದೆ. ಎದುರಿನಿಂದ ಲಾರಿ ಬಂದು ಗುದ್ದಿದ್ದಾದರೆ ಮಾತ್ರ ಲಾರಿಯ ವಿಮೆ ಇದೆ.

ಆಟೊದಲ್ಲಿ ಕೂತವರ ಸ್ಥಿತಿ ಇದಕ್ಕಿಂತ ವಾಸಿ. ಆಟೊ ಮತ್ತು ಲಾರಿ ಎರಡೂ ತಪ್ಪು ಮಾಡಿದ್ದರೆ ಪ್ರಯಾಣಿಕ ಪೂರ್ತಿ ಹಣವನ್ನು ಯಾರೊಬ್ಬರಿಂದಲಾದರೂ ಕೇಳಬಹುದು. ಯಾರ ಪಾಲು ಎಷ್ಟು ಎಂಬ ಜಗಳ ಅವರವರದ್ದು. ಬೈಕಿನಲ್ಲಿ ಮೂವರು ಕೂತಿದ್ದರು ಎಂಬ ಒಂದೇ ಕಾರಣಕ್ಕೆ ಪರಿಹಾರ ಕಡಿತ ಮಾಡಲಾಗದು ಎಂದೂ 2020ರಲ್ಲಿ ತೀರ್ಪಾಗಿದೆ. ಮೂವರು ಕೂತದ್ದರಿಂದಲೇ ಅಪಘಾತ ಆಯಿತು ಅಥವಾ ಗಾಯ ಹೆಚ್ಚಿತು ಎಂದು ತೋರಿಸಬೇಕು. ಇದನ್ನು ಓದಿ ಯಾರೂ ಮೂವರು ಹತ್ತಬೇಡಿ ಮತ್ತೆ.

ತಪ್ಪು ನಿಮ್ಮದೇ ಆದರೆ ದಾರಿ ಮುಚ್ಚಿದ ಹಾಗೆಯೇ. ಅರಸೀಕೆರೆ ಕಡೆ ಅತಿ ವೇಗದಲ್ಲಿ ಕಾರು ಓಡಿಸಿ ತೀರಿಕೊಂಡವರೊಬ್ಬರ ಕುಟುಂಬದ ಕ್ಲೇಮನ್ನು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸುಗ್ಗಿ ಕಾಲದಲ್ಲಿ ರಸ್ತೆಗೆ ಹರವಿದ ಜೋಳದ ಮೇಲೆ ಬೈಕ್ ಜಾರಿದರೂ ಎಂಎಸಿಟಿಯಲ್ಲಿ ಜೋಳದ ಮಾಲೀಕನನ್ನು ಎಳೆಯಲಾಗದು. ಅದಕ್ಕೆ ಸಿವಿಲ್ ಕೋರ್ಟು, ಇಲ್ಲವೇ ನಿಮ್ಮದೇ ಪಾಲಿಸಿಯ ವೈಯಕ್ತಿಕ ಅಪಘಾತ ವಿಮೆ.

ಗುದ್ದಿ ಓಡಿಹೋದ ಗಾಡಿ ಪತ್ತೆಯೇ ಆಗದಿದ್ದರೆ? ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಸಿಗುವ ಹಿಟ್ ಅಂಡ್ ರನ್ ಯೋಜನೆ ಇದೆ. 2022ಕ್ಕೆ ಮೊದಲು ಇದು 25 ಸಾವಿರ, ಹನ್ನೆರಡೂವರೆ ಸಾವಿರ ಇತ್ತು. ಇದಕ್ಕೆ ಕೋರ್ಟಿಗಲ್ಲ, ಕಂದಾಯ ಅಧಿಕಾರಿಗಳ ಬಳಿ ಅರ್ಜಿ. ಜೊತೆಗೆ 2025ರ ಮೇ ತಿಂಗಳಲ್ಲಿ ಬಂದ ನಗದುರಹಿತ ಚಿಕಿತ್ಸೆಯ ಯೋಜನೆಯಲ್ಲಿ ಮೊದಲ ಏಳು ದಿನಕ್ಕೆ 1.5 ಲಕ್ಷದವರೆಗೆ ಚಿಕಿತ್ಸೆ ಉಂಟು.

ಯಾರ ತಪ್ಪು ಎಂದು ಸಾಬೀತು ಮಾಡದೆಯೇ ಹಣ ಕೇಳುವ ಇನ್ನೊಂದು ದಾರಿ ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್. ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. ಬೇಗ ಮುಗಿಯುತ್ತದೆ ಅನ್ನಿಸುತ್ತದೆ. ಆದರೆ ಕಂಪನಿಯ ಅಧಿಕಾರಿ ಮುಂದಿಟ್ಟ ಆ ಹಣವನ್ನು ಒಪ್ಪಿಕೊಂಡರೆ ತಪ್ಪಿನ ಆಧಾರದ ದೊಡ್ಡ ಅರ್ಜಿ ಬಿದ್ದುಹೋಗುತ್ತದೆ. ನಮ್ಮ ಹಮಾಲಿಯ ಹದಿನಾರು ಲಕ್ಷ ನೆನಪಿಡಿ.

ಪರ್ಸೆಂಟೇಜ್

ಆಸ್ಪತ್ರೆಯ ಎಲುಬು ವಾರ್ಡಿನಲ್ಲಿ ಹಣ್ಣು ಹಿಡಿದು ಬರುವ ಅಪರಿಚಿತರು ಎಲ್ಲರೂ ನೆಂಟರಲ್ಲ. ‘ಕ್ಲೇಮ್ ಹಾಕ್ಸಿ ಕೊಡ್ತೀವಿ, ಈಗ ಒಂದು ರೂಪಾಯಿ ಬೇಡ, ಬಂದಿದ್ದರಲ್ಲಿ ಇಷ್ಟು ಪರ್ಸೆಂಟ್’ ಅನ್ನುತ್ತಾರೆ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ತೆಗೆದುಕೊಳ್ಳುವವರೂ ಇದ್ದಾರೆ. ಬಂದ ಪರಿಹಾರದಲ್ಲಿ ಪಾಲು ಕೇಳುವ ಒಪ್ಪಂದವನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ನಿಷೇಧ ಇದ್ದೂ ಯಾಕೆ ನಡೆಯುತ್ತದೆ ಅಂದರೆ, ಕೈಯಲ್ಲಿ ಕಾಸಿಲ್ಲದ ಮನುಷ್ಯನಿಗೆ ‘ಈಗ ಏನೂ ಬೇಡ’ ಅನ್ನುವುದು ನಿಜವಾದ ಸಹಾಯವಾಗಿ ಕಾಣುತ್ತದೆ. ಆ ಮಟ್ಟಿಗೆ ನಾನೂ ಅವರನ್ನು ಪೂರ್ತಿ ಬೈಯಲಾರೆ. ಆದರೆ ದಾರಿ ಬೇರೆಯೂ ಇದೆ. ಜಿಲ್ಲಾ ಕೋರ್ಟಿನಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಮಕ್ಕಳು ಆದಾಯದ ಲೆಕ್ಕವಿಲ್ಲದೆ ಉಚಿತ ವಕೀಲರನ್ನು ಕೇಳಬಹುದು.

ಲೋಕ ಅದಾಲತ್ ಬಗ್ಗೆ ಒಂದು ಮಾತು. ಅಲ್ಲಿ ರಾಜಿಯಾದರೆ ಮೇಲ್ಮನವಿ ಇಲ್ಲ. ಕೂಡಿಕೊಂಡ ಸಣ್ಣ ಫ್ರಾಕ್ಚರ್ ಆಗಿದ್ದರೆ ಮುಗಿಸಿಕೊಳ್ಳುವುದೇ ಜಾಣತನ. ಆದರೆ ಇನ್ನೂ ರಾಡ್ ತೆಗೆಸಬೇಕು, ಇನ್ನೊಂದು ಆಪರೇಷನ್ ಆಗಬೇಕು ಎಂದಿದ್ದಾಗ ಆತುರ ಬೇಡ. ಊನ ಎಷ್ಟು ಉಳಿಯಿತು ಎಂದು ತಿಳಿಯುವ ಮೊದಲೇ ಅದರ ಬೆಲೆ ಒಪ್ಪಿಕೊಂಡ ಹಾಗಾಗುತ್ತದೆ. ಗೆದ್ದ ಹಣಕ್ಕೆ ಅರ್ಜಿ ಹಾಕಿದ ದಿನದಿಂದ ಬಡ್ಡಿ ಸೇರುತ್ತದೆ. ಹಾಗಾಗಿ ಕಾಯುವುದು ಪೂರ್ತಿ ನಷ್ಟವೇನಲ್ಲ. ಆದೇಶವಾದರೂ ಹಣ ಬರದಿದ್ದರೆ ಜಾರಿ ಅರ್ಜಿ ಹಾಕಬೇಕು. ಪರಿಹಾರ ಕೊಡದ ಸಾರಿಗೆ ನಿಗಮದ ಬಸ್ಸನ್ನು ಕೋರ್ಟ್ ಅಮೀನರು ಜಪ್ತಿ ಮಾಡಿ ತಂದು ನಿಲ್ಲಿಸಿದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತದಲ್ಲ, ಅದು ಇದೇ.

ಮಾವನ ಅರ್ಜಿಯನ್ನು ಐದನೇ ತಿಂಗಳ ಕೊನೆಗೆ ಹಾಕಿದೆವು. ಸ್ಟೇಷನ್‌ನಲ್ಲಿ ‘ಇಷ್ಟು ದಿನ ಏನ್ ಮಾಡ್ತಿದ್ರಿ’ ಅಂತ ಕೇಳಿಸಿಕೊಂಡು, ಟೀ ಅಂಗಡಿಯ ಹುಡುಗನನ್ನು ಸಾಕ್ಷಿಗೆ ಒಪ್ಪಿಸಿ, ಕಾರಿನವರು ಆ ದಿನ ಫೋನ್‌ಪೇಯಲ್ಲಿ ಕಳಿಸಿದ ಹನ್ನೆರಡು ಸಾವಿರದ ವಿವರವನ್ನು ಪ್ರಿಂಟ್ ತೆಗೆಸಿ ಇಟ್ಟಿದ್ದೇವೆ. ಎಂವಿಸಿ ನಂಬರ್ ಬಂದಿದೆ. ವಿಮಾ ಕಂಪನಿಯ ತಕರಾರು ಅರ್ಜಿಯಲ್ಲಿ ಮೂರನೇ ಪ್ಯಾರಾ ಹೀಗಿದೆ: ಅರ್ಜಿದಾರರು ಸೈಕಲ್‌ನಿಂದ ತಾವಾಗಿಯೇ ಜಾರಿ ಬಿದ್ದಿದ್ದು, ಸದರಿ ಕಾರಿಗೂ ಈ ಗಾಯಕ್ಕೂ ಸಂಬಂಧವಿಲ್ಲ. ಮುಂದಿನ ವಾಯಿದೆಗೆ ಡ್ಯೂಟಿ ಡಾಕ್ಟರಿಗೆ ಸಮನ್ಸ್ ಹೋಗಿದೆ.